ಜೀಪ್ ಎಳೆಯಲು ಹಳೇ ಪಿಕಪ್: ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಮಳೆ ಬಿದ್ದು ಎರೆ ಹೊಲ ಕೆಸರಾದರೆ ಸಾಕು, ಜೀಪ್ ಇಟ್ಟುಕೊಂಡವರೆಲ್ಲ ಸಂಡೂರು ಗುಡ್ಡ, ಆನೆಗೊಂದಿ ಕಡೆಯ ಬಂಡೆ ದಾರಿ, ಕಾಲುವೆ ಪಕ್ಕದ ಮಣ್ಣು ದಾರಿ ಅಂತ ಹೊರಡುತ್ತಾರೆ. ಜೊತೆಗೆ ಒಂದು ಹಳೇ ಪಿಕಪ್ ತಗೊಂಡು ಜೀಪನ್ನು ಟ್ರೇಲರ್ ಮೇಲೆ ಹತ್ತಿಸಿ ಅದರ ಹಿಂದೆ ಕಟ್ಟಿಕೊಂಡು ಹೋಗೋಣ ಅನ್ನುವ ಆಸೆಯೂ ಈಗ ಜಾಸ್ತಿಯಾಗಿದೆ. ಈ ವಿಷಯದಲ್ಲಿ ಬರುವ ಪ್ರಶ್ನೆಗಳು ಸುಮಾರಾಗಿ ಇವೇ.

ಜೀಪನ್ನೇ ಓಡಿಸಿಕೊಂಡು ಹೋಗಬಹುದಲ್ವಾ? ಇನ್ನೊಂದು ಗಾಡಿ ಯಾಕೆ?

ಬಹಳ ಜನರಿಗೆ ಅದೇ ಸರಿಯಾದ ಉತ್ತರ. ನಿಮ್ಮದು ಥಾರ್ ಅಥವಾ ಜಿಮ್ನಿ ಆಗಿದ್ದು ದೊಡ್ಡ ಬದಲಾವಣೆ ಏನೂ ಮಾಡಿಸಿಲ್ಲ ಅಂದರೆ ಸುಮ್ನೆ ಓಡಿಸಿಕೊಂಡು ಹೋಗಿ. ಅಲ್ಲಿ ಟೈರ್ ಗಾಳಿ ಇಳಿಸಿ ಆಡಿ, ಬರುವಾಗ ಗಾಳಿ ತುಂಬಿಸಿಕೊಂಡು ಬನ್ನಿ.

ಎಳೆಯುವ ಗಾಡಿ ಬೇಕಾಗುವುದು 60 ದಾಟಿದರೆ ಮೈಯೆಲ್ಲ ನಡುಗುವ ಹಳೇ ವಿಲ್ಲೀಸ್, ಎಂಎಂ 540 ಜೀಪ್ ಇರುವವರಿಗೆ. ಇಲ್ಲವೇ ದಪ್ಪ ಮಡ್ ಟೈರ್ ಹಾಕಿ, ಗೇರ್ ರೇಶಿಯೋ ಬದಲಿಸಿ, ಹೆದ್ದಾರಿಯಲ್ಲಿ ಓಡಿಸುವುದೇ ಶಿಕ್ಷೆ ಅನ್ನುವ ಹಾಗೆ ಮಾಡಿಕೊಂಡವರಿಗೆ. ಬಂಡೆ ಮೇಲೆ ಆಕ್ಸಲ್ ಮುರಿದರೆ ವಾಪಸ್ ಹೇಗೆ ತರುವುದು ಅನ್ನುವ ಚಿಂತೆ ಇವರಿಗೆ ಯಾವಾಗಲೂ ಇರುತ್ತದೆ.

ಆದರೆ ವರ್ಷಕ್ಕೆ ಎರಡು ಮೂರು ಸಲ ಹೋಗುವವರಾದರೆ 14 ಅಡಿ ಬಾಡಿ ಇರುವ ಕ್ಯಾಂಟರ್ ಬಾಡಿಗೆಗೆ ತಗೊಳ್ಳಿ. 14 ಅಡಿ ಅಂದರೆ 4.2 ಮೀಟರ್ ಮೇಲೆ. ಜಿಪ್ಸಿ, ಥಾರ್ ಎರಡೂ ನಾಲ್ಕು ಮೀಟರ್ ಆಸುಪಾಸಿನವು, ಉದ್ದಕ್ಕೆ ಕೂರುತ್ತವೆ. ಹಿಂಬಾಗಿಲು ಹಾಕಲು ಎಷ್ಟು ಜಾಗ ಉಳಿಯುತ್ತದೆ, ಒಳಗಿನ ಅಗಲ ಎಷ್ಟಿದೆ ಅಂತ ಟೇಪ್ ಹಿಡಿದು ಮೊದಲೇ ನೋಡಿಕೊಳ್ಳಿ. ಹತ್ತಿಸಲು ಗೋಡೌನಿನ ಕಟ್ಟೆಯೋ ಕಾಲುವೆ ಏರಿಯ ದಿಬ್ಬವೋ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಪಿಕಪ್ಪು, ಟ್ರೇಲರ್ರು, ಎರಡಕ್ಕೂ ಕಾಗದ ಅಂತ ಓಡಾಡುವ ತಲೆನೋವೂ ಇಲ್ಲ.

ಎಷ್ಟು ಹಾರ್ಸ್‌ಪವರ್ ಇದ್ದರೆ ಎಳೆಯುತ್ತದೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ, ಆದರೆ ಮೊದಲು ಕೇಳಬೇಕಾದ್ದು ಇದಲ್ಲ. ಎಳೆಯಲು ದೊಡ್ಡ ಶಕ್ತಿ ಬೇಕಿಲ್ಲ. ನಮ್ಮ ರೈತರ 40-45 ಎಚ್‌ಪಿ ಟ್ರ್ಯಾಕ್ಟರ್‌ಗಳು ಎಷ್ಟು ಟನ್ ಭತ್ತ ಎಳೆಯುತ್ತವೆ ಅಂತ ಸುಗ್ಗಿಯಲ್ಲಿ ಗಂಗಾವತಿ ರಸ್ತೆಯಲ್ಲಿ ನಿಂತು ನೋಡಿ. ಹಳೇ 2.5 ಲೀಟರ್ ಡೀಸೆಲ್ ಇಂಜಿನ್ ಇರುವ ಯಾವ ಪಿಕಪ್ ಆದರೂ ಸಮತಟ್ಟು ರಸ್ತೆಯಲ್ಲಿ ಥಾರನ್ನು ಎಳೆದುಕೊಂಡು ಹೊರಟುಬಿಡುತ್ತದೆ.

ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಥಾರ್ ಸುಮಾರು 1.75 ಟನ್, ಕೆಳಗಿನ ಟ್ರೇಲರ್ ಅರ್ಧ ಟನ್ ಆದರೂ ಇರುತ್ತದೆ. ಅಂದರೆ ಹಿಂದೆ ಬರುವುದು ಮುಂದಿನ ಪಿಕಪ್‌ಗಿಂತ ಜಾಸ್ತಿ ತೂಕದ್ದು. ಇಸುಜು ಡಿ-ಮ್ಯಾಕ್ಸ್ ಪಿಕಪ್‌ಗೆ ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ 3.5 ಟನ್ ಎಳೆಯುವ ಅನುಮತಿ ಇದೆ ಅಂತ ಜನ ಹೆಮ್ಮೆಯಿಂದ ಹೇಳುತ್ತಾರೆ. ಅದರ ಪಕ್ಕದಲ್ಲೇ ಇರುವ ಸಾಲು ಓದುವುದಿಲ್ಲ: ಟ್ರೇಲರ್‌ಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಅದೇ ಗಾಡಿಗೆ ಮಿತಿ 750 ಕೆ.ಜಿ. ಮಾತ್ರ. ಇಂಜಿನ್ ಅದೇ, ಗಾಡಿ ಅದೇ, ಬ್ರೇಕ್ ಒಂದು ಇಲ್ಲದಿದ್ದರೆ ಮಿತಿ ಕಾಲು ಭಾಗಕ್ಕಿಂತ ಕೆಳಗೆ ಇಳಿಯುತ್ತದೆ. ಹಾಗಾಗಿ ಗಾಡಿ ನೋಡಲು ಹೋದಾಗ ಬಾನೆಟ್ ಎತ್ತುವ ಮೊದಲು ಕೆಳಗೆ ಬಗ್ಗಿ ಚಾಸಿಸ್, ಬ್ರೇಕ್, ಪಾಟಾ (ಭಾರ ಹೊರುವ ಪಟ್ಟಿ ಸ್ಪ್ರಿಂಗ್) ನೋಡಿ.

ನನ್ನ ಜೀಪ್ ತೂಕ ಎಷ್ಟು ಅಂತ ಹೇಗೆ ಗೊತ್ತಾಗಬೇಕು?

ಆರ್‌ಸಿಯಲ್ಲಿರುವ ತೂಕ ನಂಬಬೇಡಿ. ಅದು ಶೋರೂಮಿಂದ ಬಂದ ದಿನದ್ದು. ಆಮೇಲೆ ನೀವು ಹಾಕಿದ ಕಬ್ಬಿಣದ ಬಂಪರ್, ವಿಂಚ್, ರೋಲ್ ಕೇಜ್, ಸ್ಟೆಪ್ನಿ, ಜ್ಯಾಕ್, ಡೀಸೆಲ್ ಕ್ಯಾನು ಅದರಲ್ಲಿ ಇಲ್ಲ. ಜಿಪ್ಸಿ ಕಂಪನಿಯಿಂದ ಬರುವಾಗ ಸುಮಾರು ಒಂದು ಟನ್, ಹೀಗೆ ಶೃಂಗಾರ ಮಾಡಿದ ಮೇಲೆ ಒಂದೂಕಾಲು ದಾಟಿದರೂ ಆಶ್ಚರ್ಯ ಇಲ್ಲ.

ತೂಗಿಸುವುದಕ್ಕೆ ನಮ್ಮ ಕಡೆ ಇರುವಷ್ಟು ಅನುಕೂಲ ಬೇರೆಲ್ಲೂ ಇಲ್ಲ. ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿಗಳಿಗೆ, ಸಿಂಧನೂರು, ಕಾರಟಗಿ, ಗಂಗಾವತಿಯಲ್ಲಿ ರೈಸ್ ಮಿಲ್‌ಗಳಿಗೆ, ರಾಯಚೂರಿನಲ್ಲಿ ಹತ್ತಿಗೆ ಅಂತ ವೇಬ್ರಿಡ್ಜ್ ಎಲ್ಲ ಕಡೆ ಇವೆ. ಮೊದಲು ಪೂರ್ತಿ ಗಾಡಿ, ಆಮೇಲೆ ಮುಂದಿನ ಎರಡು ಚಕ್ರ ಮಾತ್ರ ಹತ್ತಿಸಿ ಇನ್ನೊಂದು ಸಲ ತೂಗಿಸಿ. ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಗೊತ್ತಿದ್ದರೆ ಟ್ರೇಲರ್ ಮೇಲೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಸುಲಭವಾಗುತ್ತದೆ. ಚೀಟಿ ಇಟ್ಟುಕೊಳ್ಳಿ.

ಹಳೇ ಗಾಡಿಗಳಲ್ಲಿ ಯಾವುದು ನೋಡಬೇಕು?

ನಮ್ಮ ಮೂರು ಜಿಲ್ಲೆಯಲ್ಲಿ ಜಾಸ್ತಿ ಸಿಗುವುದು ಬೊಲೆರೊ ಕ್ಯಾಂಪರ್ ಮತ್ತು ಬೊಲೆರೊ ಪಿಕಪ್. ಯಾವ ಹಳ್ಳಿಯ ಮೆಕ್ಯಾನಿಕ್ ಆದರೂ ರಿಪೇರಿ ಮಾಡುತ್ತಾನೆ, ಸಾಮಾನು ತಾಲ್ಲೂಕಿನಲ್ಲೇ ಸಿಗುತ್ತದೆ. ಜಿಪ್ಸಿ, ಹಳೇ ವಿಲ್ಲೀಸ್ ಮಟ್ಟದ ತೂಕಕ್ಕೆ, ಬ್ರೇಕ್ ಇರುವ ಟ್ರೇಲರ್ ಜೊತೆ, ನಿಧಾನವಾಗಿ ಹೋಗುವವರಿಗೆ ಸಾಕು. ಥಾರ್ ಎಳೆಯಲು ಕ್ಯಾಂಪರ್ ಬೇಡ ಅಂತಲೇ ನನ್ನ ಅಭಿಪ್ರಾಯ.

ಸ್ಕಾರ್ಪಿಯೋ ಗೆಟ್‌ಅವೇ 2.2 ಎಂಹಾಕ್ ಇಂಜಿನ್‌ನದ್ದು ಸಿಕ್ಕರೆ ಒಳ್ಳೆಯದು. 120 ಪಿಎಸ್ (ಹೆಚ್ಚು ಕಡಿಮೆ ಹಾರ್ಸ್‌ಪವರ್‌ನಷ್ಟೇ), 290 ಎನ್‌ಎಂ ಟಾರ್ಕ್, ಅಂದರೆ ಇಂಜಿನ್ ತಿರುಗಿಸುವ ಬಲ. ಇಂಜಿನ್ ಸಾಮಾನು ಸ್ಕಾರ್ಪಿಯೋದ್ದೇ ಆದ್ದರಿಂದ ತೊಂದರೆ ಇಲ್ಲ, ಹಿಂದಿನ ಬಾಡಿ, ಟೈಲ್‌ಗೇಟ್ ಸಾಮಾನಿಗೆ ಮಾತ್ರ ಓಡಾಡಬೇಕು. ಟಾಟಾ ಜೆನಾನ್ 2.2 ಡೈಕೋರ್ ಕೂಡ ಶಕ್ತಿಗೆ ಕಡಿಮೆ ಇಲ್ಲ, 140 ಪಿಎಸ್, 320 ಎನ್‌ಎಂ. ಅದರ ಬೆಲೆ ಬೇಗ ಇಳಿಯುತ್ತದೆ, ಕೊಳ್ಳುವವರಿಗೆ ಅದು ಲಾಭ. ಮುಂದೆ ನೀವೇ ಮಾರುವವರು ಅನ್ನುವುದು ನೆನಪಿರಲಿ.

ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ನಮ್ಮಲ್ಲಿಗೆ 2016ರಲ್ಲಿ ಬಂತು. ಮೊದಲಿನ 2.5 ಲೀಟರ್ ಇಂಜಿನ್ ಗಾಡಿಗಳು ಈಗ ಹಳೇ ಗಾಡಿ ಲೆಕ್ಕಕ್ಕೆ ಬಂದಿವೆ. ಗಟ್ಟಿ ಚಾಸಿಸ್, ಉದ್ದ ವೀಲ್‌ಬೇಸ್, ಸುಮಾರು 1.9 ಟನ್ ಸ್ವಂತ ತೂಕ. ಹಿಂದಿನ ಟ್ರೇಲರ್ ಅಲ್ಲಾಡಿಸಿದರೆ ತಡೆದು ನಿಲ್ಲುವ ಗಾಡಿ ಅಂದರೆ ಇಂಥದ್ದು. ದುಡ್ಡು ಹೊಂದುವುದಾದರೆ ಥಾರ್ ಇರುವವರು ಇದನ್ನೇ ನೋಡಿ. ಬಿಡಿಭಾಗದ ಬೆಲೆ ಬೊಲೆರೊ ಹಾಗೆ ಇರುವುದಿಲ್ಲ, ತರಿಸಲು ಕಾಯಬೇಕಾಗುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿ.

ಟಾಟಾ 207, ಹಳೇ ಟಾಟಾ ಮೊಬೈಲ್ ಥರದ ಪಿಕಪ್‌ಗಳನ್ನು ಹವ್ಯಾಸಕ್ಕೆ ಇಟ್ಟುಕೊಳ್ಳಿ.

ಗಣಿ ಕೆಲಸ ಮಾಡಿದ ಗಾಡಿ ಅಗ್ಗಕ್ಕೆ ಬಂದಿದೆ, ತಗೊಳ್ಳಬಹುದಾ?

ಬಳ್ಳಾರಿಯಲ್ಲಿ ಹಳೇ ಪಿಕಪ್ ಹುಡುಕುವವರಿಗೆ ಇದು ತಪ್ಪಿದ್ದಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಸಾಲು ಸಾಲು ಗಾಡಿ ಕೆಲಸವಿಲ್ಲದೆ ನಿಂತಿದ್ದನ್ನು ಊರವರೆಲ್ಲ ನೋಡಿದ್ದಾರೆ. ಗಣಿ ಮತ್ತೆ ಶುರುವಾದ ಮೇಲೂ ಆ ಕಡೆಯಿಂದ ಕ್ಯಾಂಪರ್‌ಗಳು ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಹೊಸ ಪೇಂಟ್, ಹೊಸ ಸೀಟ್ ಕವರ್, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ. "ಅಣ್ಣಾ, ಸೂಪರ್‌ವೈಸರ್ ಗಾಡಿ, ಬರೀ ಓಡಾಡಾಕ ಇಟ್ಟಿದ್ರು" ಅಂತಾರೆ.

ಇರಬಹುದು. ಆದರೂ ಇಷ್ಟು ನೋಡಿ. ಚಾಸಿಸ್ ಕಂಬಿಯಲ್ಲಿ ಅಲ್ಲಲ್ಲಿ ತೂತು ಇರುತ್ತವೆ, ಅದರೊಳಗೆ ಬೆರಳು ಹಾಕಿ. ಕೆಂಪು ಧೂಳು ಗಟ್ಟಿಯಾಗಿ ಕೂತಿದ್ದರೆ ಗಾಡಿ ಎಲ್ಲಿ ಕೆಲಸ ಮಾಡಿದೆ ಅಂತ ಅದೇ ಹೇಳುತ್ತದೆ. ಆ ಧೂಳು ಮಳೆ ನೀರು ಹಿಡಿದಿಟ್ಟುಕೊಂಡು ಒಳಗಿಂದಲೇ ತುಕ್ಕು ಹಿಡಿಸುತ್ತದೆ, ಹೊರಗೆ ಕಪ್ಪು ಪೇಂಟ್ ಹೊಳೆಯುತ್ತಿರುತ್ತದೆ. ಚಿಕ್ಕ ಸುತ್ತಿಗೆಯಿಂದ ಕಂಬಿಯ ಕೆಳಗೆ ತಟ್ಟಿಕೊಂಡು ಹೋಗಿ. ಟಣ್ ಅನ್ನುವುದು ಬಿಟ್ಟು ಮಂದ ಸದ್ದು ಬಂದ ಕಡೆ ಪೇಂಟ್ ಕೆರೆದು ನೋಡಿ.

ಇನ್ನೊಂದು ಜಾಗ, ಹಿಂದಿನ ಪಾಟಾದ ಮುಂದಿನ ಕಣ್ಣು ಚಾಸಿಸ್‌ಗೆ ಸೇರುವ ಬ್ರಾಕೆಟ್. ಓವರ್‌ಲೋಡ್ ಹೊತ್ತ ಗಾಡಿಯಲ್ಲಿ ಬಿರುಕು ಶುರುವಾಗುವುದು ಅಲ್ಲಿಂದ. ಅಲ್ಲಿ ಹೊಸ ವೆಲ್ಡಿಂಗ್, ಮೇಲೊಂದು ತೇಪೆ ತಗಡು ಕಂಡರೆ ಬೆಲೆ ಇಳಿಸಲು ಹೋಗಬೇಡಿ, ಕೈ ಮುಗಿದು ಬನ್ನಿ. ಟ್ರೇಲರ್ ಹುಕ್ಕಿನ ಭಾರ ಬೀಳುವುದೂ ಅದೇ ಹಿಂಭಾಗದ ಮೇಲೆ.

ಓಡಿಸಿ ನೋಡುವಾಗ ಏನು ಗಮನಿಸಬೇಕು?

ಬೆಳಿಗ್ಗೆ ಹೋಗಿ, ಗಾಡಿ ಸ್ಟಾರ್ಟ್ ಮಾಡಿಡಬೇಡಿ ಅಂತ ಮೊದಲೇ ಹೇಳಿ. ಬಾನೆಟ್ ಮುಟ್ಟಿ, ಬಿಸಿ ಇದ್ದರೆ ನಿಮಗೋಸ್ಕರ ಯಾರೋ ಆಗಲೇ ಎಬ್ಬಿಸಿದ್ದಾರೆ ಅಂತ ಅರ್ಥ. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ, ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಇದ್ದರೆ ನೀರು ಸೇರಿದೆ. ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ಸಡಿಲ ಮಾಡಿ. ಮುಚ್ಚಳ ಕುಣಿದು, ಹೊಗೆ ಜೋರಾಗಿ ಉಗಿದರೆ ರಿಂಗ್, ಬೋರ್ ಕೆಲಸ ಹತ್ತಿರ ಬಂದಿದೆ.

ಕ್ಲಚ್ ನೋಡುವುದು ಸುಲಭ. ಖಾಲಿ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನವಾಗಿ ಬಿಡಿ. ಇಂಜಿನ್ ಗಪ್ ಅಂತ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಪ್ಲೇಟ್ ಮುಗಿದಿದೆ. ಆಮೇಲೆ ಹಿಂದಿನ ಬಾಡಿಗೆ ಸಿಮೆಂಟ್ ಚೀಲವೋ ಜನರನ್ನೋ ಹತ್ತಿಸಿ ಓಡಿಸಿ. ಖಾಲಿ ಪಿಕಪ್ ಯಾವುದೇ ಆದರೂ ಚೆನ್ನಾಗೇ ಓಡುತ್ತದೆ.

"ಎಕ್ಸ್‌ಟ್ರಾ ಪಾಟಾ ಹಾಕಿಸಿದ್ದೀವಿ" ಅಂತಾರೆ, ಒಳ್ಳೆಯದೇ ಅಲ್ವಾ?

ಒಳ್ಳೆಯದು ಅಂತ ಹೇಳಲಾರೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಸ್‌ಗೂ ನಡುವೆ ಸಣ್ಣ ಕಡ್ಡಿ, ಸ್ಪ್ರಿಂಗು ಇರುತ್ತದೆ, ಅದು ಒಂದು ಬ್ರೇಕ್ ವಾಲ್ವ್‌ಗೆ ಸೇರಿರುತ್ತದೆ. ಲೋಡ್ ಬಿದ್ದು ಬಾಡಿ ಕೆಳಗೆ ಕೂತಷ್ಟೂ ಆ ವಾಲ್ವ್ ಹಿಂದಿನ ಚಕ್ರಕ್ಕೆ ಬ್ರೇಕ್ ಒತ್ತಡ ಜಾಸ್ತಿ ಬಿಡುತ್ತದೆ. ಪಾಟಾ ಸೇರಿಸಿ ಹಿಂಭಾಗ ಎತ್ತರ ಮಾಡಿದರೆ ಲೋಡ್ ಇದ್ದರೂ ಬಾಡಿ ಕೂರುವುದಿಲ್ಲ. ವಾಲ್ವ್ ಗಾಡಿ ಖಾಲಿ ಇದೆ ಅಂದುಕೊಳ್ಳುತ್ತದೆ, ಹಿಂದಿನ ಬ್ರೇಕ್ ಕಡಿಮೆ ಕೊಡುತ್ತದೆ. ಇನ್ನು ಕೆಲವರು ಆ ಕಡ್ಡಿಯನ್ನೇ ಬಿಚ್ಚಿ ತಂತಿಯಲ್ಲಿ ಕಟ್ಟಿರುತ್ತಾರೆ. ಕೆಳಗೆ ಬಗ್ಗಿ ನೋಡಿ, ಕಡ್ಡಿ ಜಾಗದಲ್ಲಿದೆಯಾ ಅಂತ. ಪಾಟಾ ಸೇರಿಸಿದ್ದರೆ ಅದಕ್ಕೆ ತಕ್ಕಂತೆ ಸೆಟ್ ಮಾಡಿಸಬೇಕು.

ನಮ್ಮೂರಲ್ಲಿ ಟ್ರ್ಯಾಕ್ಟರ್ ಟ್ರಾಲಿ ಮಾಡುವವರಿದ್ದಾರೆ, ಅವರ ಹತ್ತಿರ ಟ್ರೇಲರ್ ಮಾಡಿಸಬಹುದಾ?

ಕೈ ಕೆಲಸ ಅವರದ್ದು ಚೆನ್ನಾಗೇ ಇರುತ್ತದೆ, ಆ ಬಗ್ಗೆ ಮಾತಿಲ್ಲ. ಆದರೆ ಟ್ರಾಲಿಯ ಲೆಕ್ಕ ಬೇರೆ. ಅದು ನಿಧಾನಕ್ಕೆ ಹೋಗುವ ಟ್ರ್ಯಾಕ್ಟರ್ ಹಿಂದೆ ಓಡಲು ಮಾಡಿದ್ದು. ದೊಡ್ಡ ಬಳೆಗೆ ಪಿನ್ ಹಾಕುತ್ತಾರೆ, ನಡುವೆ ಬೆರಳು ತೂರುವಷ್ಟು ಆಟ ಇರುತ್ತದೆ. ಟ್ರ್ಯಾಕ್ಟರ್‌ಗೆ ಅದು ಬೇಕು, ಹೊಲದ ಬದುವಿನಲ್ಲಿ ಮೇಲೆ ಕೆಳಗೆ ಆಡಬೇಕಲ್ಲ. ಅದೇ ಆಟ ಪಿಕಪ್‌ಗೆ 60ರ ವೇಗದಲ್ಲಿ ಪ್ರತಿ ಬ್ರೇಕಿಗೂ ಹಿಂದಿನಿಂದ ಗುದ್ದು ಕೊಡುತ್ತದೆ.

ಕಾರು ಟ್ರೇಲರ್‌ಗೆ ಬೇಕಾದ್ದು 50 ಎಂಎಂ ಬಾಲ್ ಮತ್ತು ಅದರ ಮೇಲೆ ಕೂತು ಲಾಕ್ ಆಗುವ ಕಪ್ಲರ್. ಅದರ ಜೊತೆ ಎರಡು ಸರಪಳಿ, ಒಂದರ ಮೇಲೊಂದು ಅಡ್ಡ ಹಾಕಿದ್ದು. ಬಾಲ್‌ನಿಂದ ಟ್ರೇಲರ್ ಕಳಚಿದರೂ ಮೂತಿ ರಸ್ತೆಗೆ ನಾಟದೆ ಸರಪಳಿ ಮೇಲೆ ಕೂರಬೇಕು. ಓವರ್‌ರನ್ ಬ್ರೇಕ್ ಇದ್ದರೆ ಬಹಳ ಒಳ್ಳೆಯದು. ಮುಂದಿನ ಗಾಡಿ ಬ್ರೇಕ್ ಹಾಕಿದಾಗ ಟ್ರೇಲರ್ ಮುಂದಕ್ಕೆ ತಳ್ಳುತ್ತದಲ್ಲ, ಆ ತಳ್ಳುವ ಬಲವೇ ಅದರ ಚಕ್ರದ ಬ್ರೇಕ್ ಹಿಡಿಸುತ್ತದೆ. ಬೇರೆ ವೈರು, ಪೈಪು ಏನೂ ಬೇಡ. ಹುಕ್ಕನ್ನು ಬಂಪರ್‌ಗೆ ಬೋಲ್ಟ್ ಹಾಕಬೇಡಿ, ಎರಡೂ ಚಾಸಿಸ್ ಕಂಬಿಗೆ ಸೇರಬೇಕು.

ಟ್ರೇಲರ್‌ಗೂ ಆರ್‌ಟಿಒದಲ್ಲಿ ನೋಂದಣಿ ಆಗಬೇಕು, ನಂಬರ್ ಪ್ಲೇಟ್, ಹಿಂದಿನ ಲೈಟ್, ಇಂಡಿಕೇಟರ್ ಬೇಕು. ಹಾಗಾಗಿ ಮಾಡಿಸುವ ಮೊದಲೇ ಆರ್‌ಟಿಒದಲ್ಲಿ ಒಂದು ಮಾತು ಕೇಳಿ, ನೋಂದಣಿಯಾಗುವಂಥ ಟ್ರೇಲರ್ ಮಾಡುವವರ ಹತ್ತಿರವೇ ಹೋಗಿ. ಹುಕ್ಕು ಹಾಕಿಸಿದ ವಿಷಯ ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ.

ಟ್ರೇಲರ್ ಮೇಲೆ ಜೀಪ್ ಎಲ್ಲಿ ನಿಲ್ಲಿಸಬೇಕು?

ಟ್ರೇಲರ್ ಮತ್ತು ಜೀಪ್ ಸೇರಿ ಒಟ್ಟು ತೂಕದ ಶೇ. 10ರಿಂದ 15ರಷ್ಟು ಹುಕ್ಕಿನ ಮೇಲೆ ಕೂರಬೇಕು. ಒಟ್ಟು 2,000 ಕೆ.ಜಿ. ಇದ್ದರೆ 200ರಿಂದ 300. ಅದಕ್ಕಿಂತ ಕಡಿಮೆಯಾಗಿ ಭಾರ ಹಿಂದಕ್ಕೆ ಹೋದರೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ವೇಗ ಹೆಚ್ಚಿದಂತೆ ಪಿಕಪ್ಪನ್ನೂ ಜೊತೆಗೆ ಎಳೆದಾಡುತ್ತದೆ. ಹಾಗಾದಾಗ ಜೋರಾಗಿ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ನೇರ ಹಿಡಿದು ಆಕ್ಸಲರೇಟರ್ ಬಿಡಿ. ಜೀಪಿನ ಇಂಜಿನ್ ಮುಂದೆ ಇರುವುದರಿಂದ ಸಾಮಾನ್ಯವಾಗಿ ಮೂತಿ ಮುಂದಾಗಿ ಹತ್ತಿಸಿದರೆ ಲೆಕ್ಕ ಸರಿಹೋಗುತ್ತದೆ. ಈ ಹುಕ್ಕಿನ ಭಾರ ಪಿಕಪ್‌ನ ಲೋಡಿನಲ್ಲೇ ಸೇರುತ್ತದೆ ಅನ್ನುವುದನ್ನು ಮರೆಯಬೇಡಿ.

ಟ್ರೇಲರ್ ಯಾಕೆ, ಹಗ್ಗ ಕಟ್ಟಿ ಎಳೆದರೆ ಆಗಲ್ವಾ?

ಕೆಟ್ಟು ನಿಂತ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ತರುವುದಕ್ಕೆ ಮಾತ್ರ. ನಿಯಮದ ಪ್ರಕಾರ ಹಾಗೆ ಎಳೆಯುವಾಗ ವೇಗ 25 ಕಿ.ಮೀ. ದಾಟಬಾರದು, ಎರಡು ಗಾಡಿ ನಡುವೆ 5 ಮೀಟರ್‌ಗಿಂತ ಜಾಸ್ತಿ ಅಂತರ ಇರಬಾರದು. ರಾಯಚೂರಿಂದ ಸಂಡೂರಿಗೆ ಆ ವೇಗದಲ್ಲಿ ಹೋಗುತ್ತೀರಾ? ಹಿಂದಿನ ಗಾಡಿಯಲ್ಲಿ ಕೂತವರಿಗೆ ಇಂಜಿನ್ ಆಫ್ ಇದ್ದರೆ ಬ್ರೇಕ್ ಬೂಸ್ಟರ್ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, ಪೆಡಲ್ ಕಲ್ಲಾಗಿರುತ್ತದೆ.

ಎಳೆಯಲೇಬೇಕಾದರೆ ಹಗ್ಗ ಬಿಟ್ಟು ಕಬ್ಬಿಣದ ಟೋ ಬಾರ್ ಹಾಕಿ. ಗೇರ್ ನ್ಯೂಟ್ರಲ್, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ) ಕೂಡ ನ್ಯೂಟ್ರಲ್, ಮುಂದಿನ ಚಕ್ರವನ್ನು ಆಕ್ಸಲ್‌ನಿಂದ ಬಿಡಿಸುವ ಫ್ರೀ ವೀಲಿಂಗ್ ಹಬ್ ಇದ್ದರೆ ಬಿಡಿಸಿ. ದೂರ ಇದ್ದರೆ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವುದು ಒಳ್ಳೆಯದು, ಇಲ್ಲದಿದ್ದರೆ ಒಳಗೆ ಆಯಿಲ್ ಹರಿಯದೆ ಬೇರಿಂಗ್ ಹೋಗುತ್ತದೆ. ಹಳೇ ವಿಲ್ಲೀಸ್ ಇರುವವರಿಗೆ ಒಂದು ಮಾತು: ಅದರ ಹ್ಯಾಂಡ್ ಬ್ರೇಕ್ ಚಕ್ರಕ್ಕೆ ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸ್ ಹಿಂದೆ ಇರುವ ಡ್ರಮ್ಮಿಗೆ ಹಿಡಿಯುತ್ತದೆ. ಹಿಂದಿನ ಶಾಫ್ಟ್ ಬಿಚ್ಚಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆದು ಇಳಿದರೆ ಜೀಪ್ ಉರುಳಿಕೊಂಡು ಹೋಗುತ್ತದೆ. ಚಕ್ರಕ್ಕೆ ಕಲ್ಲು ಕೊಡಿ.

ಪಿಕಪ್ ಕೂಡ 4x4 ಇರಬೇಕಾ?

ರಸ್ತೆ ಮೇಲೆ ಬೇಡ. ಎರೆ ಮಣ್ಣಿನಲ್ಲಿ ಮಳೆ ಬಿದ್ದ ದಿನ ಟ್ರೇಲರ್ ಸಮೇತ ಹೊಲದ ದಾರಿಗೆ ಇಳಿಯುವವರಾದರೆ 4x4 ಇದ್ದರೂ ಸಿಕ್ಕಿಹಾಕಿಕೊಳ್ಳುತ್ತೀರಿ. ಡಾಂಬರಿನ ಮೇಲೆ ನಿಲ್ಲಿಸಿ ಜೀಪ್ ಇಳಿಸಿಕೊಳ್ಳಿ.

ರಾಯಚೂರು ಬಿಸಿಲಿಗೆ ಇಂಜಿನ್ ಬಿಸಿಯಾಗಲ್ವಾ?

ಆಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೆರಳಲ್ಲೇ 40 ದಾಟಿರುತ್ತದೆ. ಹಳೇ ಗಾಡಿ ತಗೊಂಡ ಮೊದಲ ವಾರವೇ ರೇಡಿಯೇಟರ್ ಕೆಳಗಿಳಿಸಿ ತೊಳೆಸಿ. ಗಣಿ ಧೂಳು, ಭತ್ತದ ಹೊಟ್ಟು, ಹತ್ತಿ ನಾರು ಎಲ್ಲ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಕಂಬಳಿ ಹೊದಿಸಿದಂತೆ ಕೂತಿರುತ್ತದೆ, ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ. ಬೋರ್‌ವೆಲ್ ನೀರು ಹಾಕಬೇಡಿ, ಕೂಲೆಂಟ್ ಹಾಕಿ. ಎಳೆಯುವಾಗ ಐದನೇ ಗೇರ್ ಮರೆತು ನಾಲ್ಕರಲ್ಲೇ ಹೋಗಿ. ಸೂಜಿ ಮೇಲೇರಿದರೆ ಎಸಿ ಆಫ್ ಮಾಡಿ.

ಹಳದಿ ಬೋರ್ಡ್ ಗಾಡಿ ತಗೊಂಡರೆ ತೊಂದರೆಯಾ?

ತೊಂದರೆ ಅಲ್ಲ, ಕೆಲಸ ಜಾಸ್ತಿ. ಸರಕು ಗಾಡಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಗಾಡಿಗೆ ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಒಟ್ಟು ತೂಕ 3,000 ಕೆ.ಜಿ. ಒಳಗಿನ ಸರಕು ಗಾಡಿಗೆ ಪರ್ಮಿಟ್ ಬೇಡ. ಲೈಸೆನ್ಸ್ ಬಗ್ಗೆ ಗೊಂದಲ ಇತ್ತು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಗೆಹರಿಸಿದೆ: ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದರೆ ಒಟ್ಟು ತೂಕ 7,500 ಕೆ.ಜಿ. ಒಳಗಿನ ಸಾರಿಗೆ ಗಾಡಿ ಓಡಿಸಬಹುದು. ಬಿಳಿ ಬೋರ್ಡ್ ಗಾಡಿಗೆ 15 ವರ್ಷದವರೆಗೆ ನೋಂದಣಿ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹಳೇ ಗಾಡಿಗೆ ಹಸಿರು ತೆರಿಗೆಯೂ ಇದೆ. 14 ವರ್ಷದ ಗಾಡಿ ಅಗ್ಗಕ್ಕೆ ಸಿಗುತ್ತಿದ್ದರೆ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಆಂಧ್ರ, ತೆಲಂಗಾಣ ನಂಬರ್ ಗಾಡಿ ಕಡಿಮೆಗೆ ಸಿಗುತ್ತಿದೆ?

ಬಳ್ಳಾರಿಯವರಿಗೆ ಆಂಧ್ರ, ರಾಯಚೂರಿನವರಿಗೆ ತೆಲಂಗಾಣ ಪಕ್ಕದ ಮನೆ ಇದ್ದ ಹಾಗೆ, ಗಾಡಿ ಬರುವುದು ಸಹಜ. ಆದರೆ ಆ ಕಡೆ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಅಂದರೆ ಫಾರಂ 28, ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಇಲ್ಲಿಗೆ ತಂದು 12 ತಿಂಗಳು ಮೀರಿ ಇಟ್ಟುಕೊಂಡರೆ ಕೆಎ ನಂಬರ್ ಆಗಲೇಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಅಗ್ಗ ಅಂದುಕೊಂಡಿದ್ದರಲ್ಲಿ ಎಷ್ಟು ಉಳಿಯುತ್ತದೆ ಅಂತ ಆಮೇಲೆ ಲೆಕ್ಕ ಹಾಕಿ. ಇಲ್ಲಿನ ಗಾಡಿಯೇ ಆದರೂ ಹೆಸರು ಬದಲಾವಣೆಯ ಫಾರಂ 29, 30 ಸಹಿ ಮಾಡಿಸಿ, ಸಾಲ ಇದ್ದಿದ್ದರೆ ಅದು ತೀರಿದೆ ಅನ್ನುವ ಫಾರಂ 35 ಕೇಳಿ, ಬಾಕಿ ಚಲನ್ ಇದೆಯಾ ಅಂತ ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ನೋಡಿ.

ಟೈರ್ ಚೆನ್ನಾಗಿ ಕಾಣುತ್ತಿವೆ, ಬದಲಿಸಬೇಕಾ?

ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂದರೆ 2018ರ 23ನೇ ವಾರ ಮಾಡಿದ್ದು. ಟೈರಿನ ಗುಂಡಿ (ಟ್ರೆಡ್) ಎಷ್ಟೇ ಉಳಿದಿದ್ದರೂ ಆರು ವರ್ಷ ದಾಟಿದ ಟೈರ್ ಹಾಕಿಕೊಂಡು ಬಿಸಿ ಡಾಂಬರ್ ಮೇಲೆ ಎರಡು ಟನ್ ಎಳೆಯಬೇಡಿ. ಟ್ರೇಲರ್ ಟೈರ್‌ಗೂ ಇದೇ ಮಾತು, ಅದು ನಿಂತಲ್ಲೇ ಹಳತಾಗುತ್ತದೆ.

ಹೊರಟ ಮೇಲೆ ನಮ್ಮ ರಸ್ತೆಗಳಲ್ಲಿ ಏನು ನೋಡಿಕೊಳ್ಳಬೇಕು?

ಸುಗ್ಗಿ ಕಾಲದಲ್ಲಿ ಸಿಂಧನೂರಿಂದ ಗಂಗಾವತಿವರೆಗೆ ಅರ್ಧ ರಸ್ತೆ ಭತ್ತ ಒಣಹಾಕಿರುತ್ತಾರೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಾಕಿದರೆ ಚಕ್ರ ಹಿಡಿಯುವುದಿಲ್ಲ, ಟ್ರೇಲರ್ ಪಕ್ಕಕ್ಕೆ ತಿರುಗುತ್ತದೆ. ಅಲ್ಲಿಗೆ ಬರುವ ಮೊದಲೇ ನಿಧಾನ ಮಾಡಿ. ಹಳ್ಳಿಗೊಂದು ಹಂಪ್ ಇದ್ದೇ ಇರುತ್ತದೆ, ಹುಕ್ಕು ತಗ್ಗಿದ್ದರೆ ಅದಕ್ಕೆ ತಾಗುತ್ತದೆ, ಅಡ್ಡಡ್ಡ ಹತ್ತಿಸದೆ ನೇರ ಹತ್ತಿಸಿ. ಹೊಸಪೇಟೆ ದಾಟಿ ಸಂಡೂರು ಕಡೆ ಹೋದರೆ ಅದಿರು ಲಾರಿಗಳು ಎದುರು ಬರುತ್ತವೆ, ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಗಾಳಿಗೆ ಟ್ರೇಲರ್ ಒಮ್ಮೆ ಎಳೆಯುತ್ತದೆ, ಗಾಬರಿ ಬೀಳಬೇಡಿ. ಇಳಿಜಾರಿನಲ್ಲಿ ಹತ್ತಿದ ಗೇರಿನಲ್ಲೇ ಇಳಿಯಿರಿ. ಹೊರಟು ಸ್ವಲ್ಪ ದೂರ ಹೋದ ಮೇಲೆ ಒಮ್ಮೆ ನಿಲ್ಲಿಸಿ ಜೀಪಿಗೆ ಕಟ್ಟಿದ ಬೆಲ್ಟ್ ಬಿಗಿ ಮಾಡಿ, ಮೊದಲ ಹಂಪ್‌ಗಳಿಗೇ ಅವು ಸಡಿಲ ಆಗಿರುತ್ತವೆ. ಹಾಗೆಯೇ ಟ್ರೇಲರ್‌ನ ನಾಲ್ಕೂ ಹಬ್ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಬೇರೆಯವಕ್ಕಿಂತ ಜಾಸ್ತಿ ಕಾದಿದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ, ಅದನ್ನು ಸರಿಮಾಡಿಸದೆ ಮುಂದೆ ಹೋಗಬೇಡಿ.